ಹನ್ನೆರಡು ಹೊಸ ಚೀಲಗಳು

ನವೆಂಬರ್ 17, 2025

ಇವತ್ತು ಮೂರು ಸಲ ಗೇಟಿನ ತನಕ ಹೋಗಿ ವಾಪಸು ಬಂದೆ. ಕೆಲಸವೇನೂ ಇರಲಿಲ್ಲ, ಕಾಲು ಒಂದು ಕಡೆ ನಿಲ್ಲುತ್ತಿಲ್ಲ ಅಷ್ಟೆ. ಮೈಸೂರಿನ ಕೆಲಸ ಬಿಟ್ಟು ಮಾದಾಪುರಕ್ಕೆ ಬಂದು ಆರು ತಿಂಗಳಾಯಿತು. ಯಾರಾದರೂ ಕೇಳಿದರೆ ಅಮ್ಮ ಇನ್ನೂ "ರಜಾ ಹಾಕಿ ಬಂದವಳೆ" ಅನ್ನುತ್ತಾಳೆ. ಇಷ್ಟುದ್ದ ರಜೆ ಕೊಡುವ ಕಂಪನಿಯಾಗಿದ್ದರೆ ನಾನು ಬಿಡುತ್ತಲೇ ಇರಲಿಲ್ಲ.

ಮಧ್ಯಾಹ್ನ ಒಂದು ಪ್ರಕಟಣೆ ಕಣ್ಣಿಗೆ ಬಿತ್ತು. ಪುಣೆಯ ವಿನ್ಯಾಸ ಸಂಸ್ಥೆಯೊಂದರದು. ‘ಸುಸ್ಥಿರತೆಗಾಗಿ ವಿನ್ಯಾಸ’ ಎಂಬ ವಿಷಯದಲ್ಲಿ ಪಿಎಚ್.ಡಿ., ನಾಲ್ಕು ವರ್ಷದ ಫೆಲೋಶಿಪ್, ಎರಡೇ ಸೀಟು. ಅರ್ಜಿಯ ಜೊತೆ ಸಂಶೋಧನೆಯ ಪ್ರಸ್ತಾವ ಬೇಕು, ಸಣ್ಣದೊಂದು ಪ್ರಯೋಗ ಮಾಡಿ ಅದರ ಅಂಕಿಅಂಶ ಕೊಡಬೇಕು, ಪ್ರಯೋಗಕ್ಕೆ ಜಾಗ ಕೊಟ್ಟವರ ಒಪ್ಪಿಗೆ ಪತ್ರ ಬೇಕು. ಕೊನೆಯ ದಿನ ಡಿಸೆಂಬರ್ 22.

ಐದು ವರ್ಷ ಬಿಸ್ಕತ್ತಿನ ಡಬ್ಬಿ ವಿನ್ಯಾಸ ಮಾಡಿದೆ. ನಾನು ಮಾಡಿದ್ದೆಲ್ಲ ಜನ ಹರಿದು ಬಿಸಾಡುವ ವಸ್ತುವೇ. ಒಂದಾದರೂ ಉಳಿಯುವಂಥದ್ದು ಮಾಡಬೇಕು ಅಂತ ತಾನೇ ಬಿಟ್ಟು ಬಂದದ್ದು? ಈ ಸೀಟು ನನಗೆ ಬೇಕು. ಬೇಕೇ ಬೇಕು. ಆದರೆ ಯಾವುದರ ಮೇಲೆ ಪ್ರಯೋಗ ಮಾಡಲಿ, ನಮ್ಮ ಮನೆಯ ಕೋಳಿಗಳ ಮೇಲಾ?

ನವೆಂಬರ್ 19

ಸಿಕ್ಕಿತು!

ಅಪ್ಪನಿಗೆ ತಿಂಡಿ ಡಬ್ಬಿ ಕೊಡಲು ಸಂಜೆ ಕಣಕ್ಕೆ ಹೋಗಿದ್ದೆ. ಅಪ್ಪ ಮೂವತ್ತೊಂದು ವರ್ಷದಿಂದ ಮೊಣ್ಣಪ್ಪನವರ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಹಾಜರಿ ಹಾಕುವುದು, ಸಂಜೆ ಹೆಂಗಸರು ಕೊಯ್ದು ತಂದ ಕಾಫಿ ಹಣ್ಣು ತೂಗಿ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಅರೇಬಿಕಾ ಕೊಯ್ಲು ಈಗಷ್ಟೇ ಶುರುವಾಗಿದೆ. ಹೆಂಗಸರೆಲ್ಲ ಸೊಂಟಕ್ಕೆ ಯೂರಿಯಾ ಚೀಲ ಕತ್ತರಿಸಿ ಹೊಲಿದ ಕೊಯ್ಲಿನ ಚೀಲ ಕಟ್ಟಿಕೊಂಡು ಸಾಲಾಗಿ ಬಂದರು. ಚಿಕ್ಕಂದಿನಿಂದ ನೋಡಿದ್ದೇನೆ, ಇವತ್ತೇ ನೋಡಿದ್ದು. ಎಲ್ಲ ಚೀಲದ ಅಂಚೂ ಬಿಚ್ಚಿಕೊಂಡು ಪ್ಲಾಸ್ಟಿಕ್ ಎಳೆ ಉದುರುತ್ತಿತ್ತು. ಗಿಡದ ಬುಡಗಳಲ್ಲಿ ಹುಡುಕಿದೆ. ಹತ್ತು ನಿಮಿಷದಲ್ಲಿ ಒಂದು ಮುಷ್ಟಿ ಬಿಳಿ ಎಳೆ ಸಿಕ್ಕಿತು.

"ಅಪ್ಪ, ಈ ಚೀಲ ಎಷ್ಟ್ ದಿನ ಬತ್ತದೆ?"

"ಒಂದ್ ಸೀಸನ್ನು. ಆಮೇಲೆ ಹೊಳೆಗೋ ಒಲೆಗೋ. ಯಾಕೆ, ನಿಂಗೊಂದು ಬೇಕಿತ್ತಾ?"

ಸೆಣಬಿನ ಬಟ್ಟೆ, ಭಾರ ಹೆಗಲಿಗೂ ಹಂಚುವ ಪಟ್ಟಿ, ತಳದಲ್ಲಿ ದಾರ ಎಳೆದರೆ ತೆರೆದುಕೊಳ್ಳುವ ಬಾಯಿ. ಬರುವ ದಾರಿಯಲ್ಲೇ ಅಂಗೈ ಮೇಲೆ ಚಿತ್ರ ಬರೆದುಕೊಂಡೆ.

ನವೆಂಬರ್ 24

ಮೊಣ್ಣಪ್ಪನವರು ಒಪ್ಪಿದರು. ಒಳ್ಳೆಯ ಮನುಷ್ಯ. ಸ್ವತಃ ಕಾಫಿ ತಂದುಕೊಟ್ಟು ಅರ್ಧ ಗಂಟೆ ಕೂತು ಕೇಳಿದರು.

"ಸಾಂತಪ್ಪನ ಮಗಳು ಇಷ್ಟು ಓದಿದ್ದು ನಮಗೂ ಹೆಮ್ಮೆಯೇ ಅಲ್ವಾ? ಪತ್ರ ಎಷ್ಟು ಬೇಕಾದ್ರೂ ಕೊಡ್ತೇನೆ. ಆದ್ರೆ ಮಗಳೇ, ನನಗೂ ಒಂದು ವಿಷಯ ತಿಳಿಸ್ಬೇಕು. ಈ ಹೆಂಗಸರ ತೂಕ ನೋಡು. ಚುರುಕಿನವಳು, ನಿಧಾನದವಳು, ಹೊಸಬಳು, ಹಳಬಳು, ಎಲ್ಲರದ್ದೂ ಹತ್ತಿರ ಹತ್ತಿರ ಒಂದೇ ಬರ್ತದೆ. ಅದು ಹೇಗೆ?"

ನನಗೆ ಗೊತ್ತಿಲ್ಲ ಅಂದೆ. ಹಾಗಾದರೆ ನಿನ್ನ ಅಧ್ಯಯನದಲ್ಲಿ ಅದೂ ಗೊತ್ತಾಗಲಿ ಅಂದರು. ಎಲೆಕ್ಟ್ರಾನಿಕ್ ತಕ್ಕಡಿ ತರಿಸುವ ಯೋಚನೆ ಅವರಿಗಿದೆಯಂತೆ. ಕಣದಲ್ಲಿ ಅಲ್ಲ, ತೋಟದ ಸಾಲಿನಲ್ಲೇ ಗಂಟೆಗೊಮ್ಮೆ ಒಬ್ಬೊಬ್ಬರದೇ ತೂಕ, ಒಬ್ಬೊಬ್ಬರಿಗೂ ಒಂದು ಕಾರ್ಡು. ನನ್ನ ವರದಿ ನೋಡಿ ತೀರ್ಮಾನ ಮಾಡುತ್ತಾರಂತೆ. ನನ್ನ ವರದಿಗೆ ಕಾಯುವವರೂ ಒಬ್ಬರು ಇದ್ದಾರಲ್ಲ ಎಂದು ಖುಷಿಯಾಯಿತು.

ನವೆಂಬರ್ 30

ಬೆರಳೆಲ್ಲ ಸೂಜಿ ಚುಚ್ಚಿಕೊಂಡು ಊದಿವೆ. ಹನ್ನೆರಡು ಚೀಲ ಮುಗಿಯಿತು. ಒಟ್ಟು ಇಪ್ಪತ್ತನಾಲ್ಕು ಹೆಂಗಸರು. ಹನ್ನೆರಡು ಮಂದಿಗೆ ಹೊಸ ಚೀಲ, ಅವರು ಪಿ-1ರಿಂದ ಪಿ-12. ಉಳಿದವರು ಹಳೆ ಚೀಲದಲ್ಲೇ ಕೊಯ್ಯುತ್ತಾರೆ, ಅವರು ಕೆ-1ರಿಂದ ಕೆ-12. ನಾಳೆಯಿಂದ ಎರಡು ವಾರ.

ವಿವರಿಸುವಾಗ ಕೆ-1, ಅಂದರೆ ಲಿಂಗಮ್ಮ ಎಂಬ ಹಿರಿಯ ಹೆಂಗಸು, ನಡುವೆ ಬಾಯಿ ಹಾಕಿದಳು. "ಇದು ಯಾಕವ್ವ, ನಿನ್ ಪರೀಕ್ಷೆಗಾ?"

ಒಂದು ಲೆಕ್ಕದಲ್ಲಿ ಹೌದು ಅಂದೆ.

"ಪಾಸಾದ್ರೆ?"

ಪುಣೆಗೆ ಹೋಗಿ ದೊಡ್ಡ ಓದು ಓದಬಹುದು ಅಂದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರ್ಥವಾಗಲಿಲ್ಲವೇನೋ. ಸ್ಥಳೀಯರಿಗೆ ಪ್ರಯೋಗದ ಉದ್ದೇಶ ಮನದಟ್ಟು ಮಾಡಿಸುವುದು ಕಷ್ಟ ಎಂದು ಟಿಪ್ಪಣಿಯಲ್ಲಿ ಸೇರಿಸಬೇಕು.

ಡಿಸೆಂಬರ್ 5

ಚೀಲ ಹೇಗಿದೆ ಎಂದು ದಿನಾ ಕೇಳುತ್ತೇನೆ. ದಿನಾ ಹನ್ನೆರಡು ಬಾಯಿಂದಲೂ "ಚೆನ್ನಾಗದೆ". ಏನು ಚೆನ್ನಾಗಿದೆ ಎಂದರೆ "ಎಲ್ಲಾ ಚೆನ್ನಾಗದೆ". ಇವರ ಹತ್ತಿರ ಒಂದು ಮಾತು ಹೊರಡಿಸುವಷ್ಟರಲ್ಲಿ ನನ್ನ ತಲೆ ಕೆಡುತ್ತದೆ. ಮಾತು ಬೇಡ, ತೂಕ ಸಾಕು. ದಿನಾ ನಾಲ್ಕು ಗಂಟೆಗೆ ಲ್ಯಾಪ್‌ಟಾಪ್ ಹಿಡಿದು ಕಣದಲ್ಲಿ ಕೂರುತ್ತೇನೆ.

ಡಿಸೆಂಬರ್ 13

ಹೊಸ ಚೀಲದವರ ಸರಾಸರಿ ದಿನಕ್ಕೆ ಅರವತ್ತೊಂದು ಕಿಲೋ. ಹಳೆ ಚೀಲದವರದು ನಲವತ್ತಮೂರು. ನಲವತ್ತಮೂರು! ಶೇಕಡಾ ನಲವತ್ತಕ್ಕಿಂತ ಹೆಚ್ಚು ವ್ಯತ್ಯಾಸ. ಒಂದು ಚೀಲದಿಂದ!

ಅದರಲ್ಲೂ ಪಿ-7. ಹೆಸರು ಸಿದ್ದಿ, ಮೂರು ತಿಂಗಳ ಕೂಸಿನ ತಾಯಿ, ನೋಡಿದರೆ ಗಾಳಿಗೆ ಹಾರಿಹೋಗುವ ಹಾಗಿದ್ದಾಳೆ. ಅವಳ ತೂಕ ಅರವತ್ತನಾಲ್ಕು. ಬಾಣಂತಿಯ ಮೈಗೂ ಒಗ್ಗುವ ಚೀಲ! ಅವಳ ಮೇಲೆಯೇ ಒಂದು ಪುಟ ಬರೆಯುತ್ತೇನೆ. ಅಡುಗೆಮನೆಗೆ ಓಡಿಹೋಗಿ ಅಮ್ಮನ ಸೊಂಟ ಹಿಡಿದು ಒಂದು ಸುತ್ತು ತಿರುಗಿಸಿದೆ. ಸೌಟಿನಲ್ಲಿ ಹೊಡೆದಳು.

ಡಿಸೆಂಬರ್ 21

ಕಳಿಸಿದೆ.

ಡಿಸೆಂಬರ್ 24

ಮೇಲ್ ನೋಡಿದೆ. ಇಲ್ಲ.

ಡಿಸೆಂಬರ್ 29

ಇಲ್ಲ. ಮಾದಾಪುರ ಪೇಟೆಗೆ ನಡೆದು ಹೋಗಿ, ಏನು ತರಬೇಕಿತ್ತು ಅಂತ ಮರೆತು, ಒಂದು ಬೆಂಕಿಪೊಟ್ಟಣ ತೆಗೆದುಕೊಂಡು ಬಂದೆ. ಉಗುರೆಲ್ಲ ಕಚ್ಚಿ ಮುಗಿಯಿತು. ಈ ಊರಲ್ಲಿ ಇನ್ನೊಂದು ವರ್ಷ ಇರಬೇಕಾದರೆ ನನಗೆ ಹುಚ್ಚೇ ಹಿಡಿಯುತ್ತದೆ.

ಜನವರಿ 7, 2026

ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರಿದೆ. ಒಟ್ಟು ಐವರು, ಎರಡು ಸೀಟು. ಸಂದರ್ಶನ ಹತ್ತೊಂಬತ್ತಕ್ಕೆ, ಆನ್‌ಲೈನಿನಲ್ಲಿ. ಮಾರ್ಗದರ್ಶಕಿಯಾಗುವ ಪ್ರೊಫೆಸರ್ ಮೇಡಂ ನನ್ನ ಪ್ರಯೋಗ ಇಷ್ಟವಾಯಿತು ಎಂದು ತಾವೇ ಬರೆದಿದ್ದಾರೆ. ಪ್ರಯೋಗಕ್ಕೆ ಮುಂಚಿನ ಒಂದು ವಾರದ್ದೂ ಸೇರಿಸಿ, ಇಪ್ಪತ್ತನಾಲ್ಕು ಮಂದಿಯ ದಿನದಿನದ ತೂಕದ ಪೂರ್ತಿ ಪಟ್ಟಿ ಕಳಿಸಬೇಕಂತೆ. ಜಾಗ ಕೊಟ್ಟವರೂ ಸಂದರ್ಶನದಲ್ಲಿ ಇರಬೇಕಂತೆ. ಮೊಣ್ಣಪ್ಪನವರಿಗೆ ಫೋನ್ ಮಾಡಿದೆ. ಕೋಟು ಹಾಕಿಕೊಂಡು ಕೂರುತ್ತೇನೆ ಅಂದರು.

ಜನವರಿ 9

ಏನೋ ಸರಿಯಿಲ್ಲ.

ಅಪ್ಪನ ಪುಸ್ತಕದಿಂದ ಹಿಂದಿನ ವಾರದ ತೂಕ ಇಳಿಸಿಕೊಂಡೆ. ಆಗ ಎಲ್ಲರದೂ ಹಳೆ ಚೀಲ. ಸರಾಸರಿ ಐವತ್ತೆರಡು. ಪ್ರಯೋಗದ ವಾರಗಳಲ್ಲಿ ಹೊಸ ಚೀಲದವರು ಒಂಬತ್ತು ಕಿಲೋ ಏರಿದ್ದಾರೆ, ಸರಿ. ಹಳೆ ಚೀಲದವರು ಒಂಬತ್ತು ಕಿಲೋ ಇಳಿದದ್ದು ಯಾಕೆ? ಅವರ ಚೀಲ ನಾನು ಮುಟ್ಟಿಯೇ ಇಲ್ಲವಲ್ಲ. ಎಲ್ಲ ಕೂಡಿಸಿದರೆ ಮೊದಲೂ ಆಮೇಲೂ ದಿನಕ್ಕೆ ಸಾವಿರದ ಇನ್ನೂರೈವತ್ತರ ಆಸುಪಾಸು. ಒಟ್ಟು ಕೊಯ್ಲು ಒಂದು ಕಿಲೋ ಹೆಚ್ಚಿಲ್ಲ.

ಇಷ್ಟು ದಿನ ಈ ಕೂಡುವ ಲೆಕ್ಕ ಮಾಡಿರಲಿಲ್ಲ ನಾನು. ನಲವತ್ತಮೂರನ್ನು ನೋಡಿ ಕುಣಿದೆ. ಹೊಸ ಚೀಲದವರಿಗೆ ಅಪ್ಪ ಒಳ್ಳೆ ಫಸಲಿನ ಸಾಲು ಕೊಟ್ಟರಾ? ನೋಡಲೇಬೇಕು.

ಜನವರಿ 10

ಕಣಕ್ಕೆ ಹೋಗದೆ ತೋಟದ ಒಳದಾರಿಯಲ್ಲಿ ಹೋದೆ. ಮೂರೂವರೆ ಗಂಟೆ. ಹಲಸಿನ ಮರದ ಕೆಳಗೆ ಇಪ್ಪತ್ತನಾಲ್ಕೂ ಮಂದಿ ಸುತ್ತ ಕೂತು ಹಣ್ಣಿನೊಳಗಿನ ಎಲೆ, ಹಸಿರು ಕಾಯಿ ಹೆಕ್ಕಿ ತೆಗೆಯುತ್ತಿದ್ದರು. ತೂಕಕ್ಕೆ ಹೋಗುವ ಮುಂಚೆ ದಿನಾ ಇಲ್ಲಿ ಕೂರುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮೊದಲು ಲಿಂಗಮ್ಮ ಎದ್ದು ತನ್ನ ಚೀಲದಿಂದ ಎರಡು ಬೊಗಸೆ ಹಣ್ಣು ಸಿದ್ದಿಯ ಚೀಲಕ್ಕೆ ಹಾಕಿದಳು. ಆಮೇಲೆ ಇನ್ನೊಬ್ಬಳು. ಆಮೇಲೆ ಮತ್ತೊಬ್ಬಳು. ಲೋಟಕ್ಕೆ ನೀರು ಹಾಕಿಕೊಡುವಷ್ಟು ಸಲೀಸಾಗಿ ನಡೆಯಿತು. ಅಷ್ಟರಲ್ಲಿ ಲಿಂಗಮ್ಮ ನನ್ನನ್ನು ನೋಡಿದಳು. ನಾಚಿಕೆಪಡಲಿಲ್ಲ. ಒಂದು ಗೋಣಿ ಹಾಸಿ ಕೂರು ಅಂದಳು.

"ಅವ್ಳು ಕೂಸಿಗೆ ಹಾಲು ಕುಡ್ಸಕ್ಕೆ ಎರಡ್ ಸಲ ನಾವಿರೋ ಲೈನ್ ಮನೆಗೆ ಓಡ್ಬೇಕು. ಅವ್ಳ ಕೈಲಿ ಮೂವತ್ತು ಬಂದ್ರೆ ಹೆಚ್ಚು. ನಲವತ್ತಾಗ್ದಿದ್ರೆ ಅರ್ಧ ಕೂಲಿ ಅಲ್ವಾ? ನಂಗೆ ಮೂರ್ ಹೆರಿಗೇಲೂ ಹಿಂಗೇ ಹಾಕವ್ರೆ. ಜ್ವರ ಬಂದೋರಿಗೆ, ವಯಸ್ಸಾದೋರಿಗೆ, ಎಲ್ರಿಗೂ ಹಾಕ್ತೀವಿ."

"ನನ್ನ ಚೀಲದವರಿಗೆ?" ಎಂದು ಕೇಳಿದೆ.

"ನಿನ್ ಪರೀಕ್ಷೆ ಅಂದ್ಯಲ್ಲ, ಅದ್ಕೇ. ನಾವ್ ಹಳೇ ಚೀಲದೋರು ನಲವತ್ತು ಇಟ್ಕಂಡು, ಮಿಕ್ಕಿದ್ದು ಹಾಕ್ತಿದ್ವಿ. ಆಮ್ಯಾಲೆ ವಾರದ ಕೂಲಿ ಬಂದಾಗ ಹೆಚ್ಚಿನ ಕಿಲೋದ ದುಡ್ಡು ನಮ್ನಮ್ಮಲ್ಲೇ ಸರಿ ಮಾಡ್ಕಂತಿದ್ವಿ." ನನ್ನ ಕೆನ್ನೆ ತಟ್ಟಿದಳು. "ನೀನು ನಾವ್ ಎತ್ತಿ ಆಡ್ಸಿದ್ ಕೂಸು ಕಣವ್ವ. ಬಿಟ್ಟುಬಿಡಕ್ಕಾಯ್ತದಾ?"

ಚೀಲ ನಿಜಕ್ಕೂ ಹೇಗಿದೆ, ದೇವರಾಣೆ ಹೇಳಿ ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಸಿದ್ದಿ ಮೆಲ್ಲಗೆ ಅಂದಳು: "ಬೆಳಗ್ಗೆ ಮಂಜಿಗೆ ಒದ್ದೆ ಆಗ್ತದೆ ಅಕ್ಕ. ಕಲ್ಲು ಕಟ್ಟಿದಂಗೆ ಭಾರ. ಆದ್ರೆ ತಳ ಬಿಚ್ಚೋದು ಮಾತ್ರ ಭಾಳ ಚೆಂದ."

ಎಲ್ಲರೂ ನಕ್ಕರು. ನನಗೂ ನಗು ಬಂತು, ಜೊತೆಗೆ ಅಳುವೂ. ಅವರು ತೂಕಕ್ಕೆ ಏಳುವ ತನಕ ಅಲ್ಲೇ ಕೂತು ಹಣ್ಣು ಹೆಕ್ಕಿದೆ.

ಜನವರಿ 11

"ನಿಮಗೆ ಗೊತ್ತಿತ್ತಾ?" ಎಂದು ಅಪ್ಪನನ್ನು ಕೇಳಿದೆ.

ಅಪ್ಪ ಕನ್ನಡಕ ಒರೆಸಿದರು. "ನನ್ ಕಣ್ಣು ತಕ್ಕಡಿ ಮೇಲಿರ್ತದೆ, ಮಗ. ಹಲಸಿನ ಮರದ ಹತ್ರ ನಾನು ಹೋಗದಿಲ್ಲ."

"ಮೂವತ್ತೊಂದು ವರ್ಷ?"

"ಹೂಂ."

"ನನ್ನ ಅಂಕಿ ಸುಳ್ಳು ಅಂತ ಗೊತ್ತಿದ್ದೂ ಸುಮ್ಮನಿದ್ರಾ?"

"ನೀನು ಆರ್ ತಿಂಗ್ಳಾದ್ಮೇಲೆ ನಕ್ಕಿದ್ದು ಆ ಅಂಕಿ ನೋಡ್ದಾಗ್ಲೇ. ಏನ್ ಹೇಳ್ಲಿ?"

ಸಿಟ್ಟು ಬಂತು. ಬಾಗಿಲು ದಢಾರನೆ ಹಾಕಿಕೊಂಡು ಕೋಣೆಯಲ್ಲಿ ಕೂತೆ. ಹದಿನೈದು ವರ್ಷದವಳು ಮಾಡುವ ಕೆಲಸ, ಗೊತ್ತು.

ಜನವರಿ 14

ನಾಲ್ಕು ಪುಟ ಬರೆದೆ, ಒಂದೇ ಪಟ್ಟಿಗೆ ಕೂತು. ನನ್ನ ಪ್ರಯೋಗ ಹೇಗೆ ಕೆಟ್ಟಿತು, ಕೆಟ್ಟಾಗ ಅದರೊಳಗಿಂದ ಏನು ಕಂಡಿತು ಎಂಬುದರ ಬಗ್ಗೆ. ಚೀಲ ಸುಸ್ಥಿರವೋ ಅಲ್ಲವೋ ಎಂದು ನಾನು ಅಳೆಯುತ್ತಿದ್ದೆ. ಇಲ್ಲಿ ಮೂರು ತಲೆಮಾರಿನಿಂದ ಬಾಣಂತಿಯರನ್ನೂ ಮುದುಕಿಯರನ್ನೂ ಕೆಲಸದಲ್ಲಿ ಉಳಿಸಿಕೊಂಡ ಏರ್ಪಾಡೊಂದು ಹಲಸಿನ ಮರದ ಕೆಳಗೆ ದಿನಾ ಹತ್ತು ನಿಮಿಷ ನಡೆಯುತ್ತಿದೆ, ಅದಕ್ಕೆ ಹೆಸರಿಲ್ಲ, ಅದನ್ನು ಯಾರೂ ವಿನ್ಯಾಸ ಮಾಡಿಲ್ಲ. ನಾನು ಇಲ್ಲಿಯತನಕ ಬರೆದದ್ದರಲ್ಲೆಲ್ಲ ಒಳ್ಳೆಯದು ಇದೇ. ಇದನ್ನು ಓದಿದರೆ ಪ್ರೊಫೆಸರ್ ಮೇಡಂ ಸೀಟು ಕೊಡದೆ ಇರಲಾರರು. ನನಗೆ ಖಾತ್ರಿಯಿದೆ.

ಅಪ್ಪನಿಗೆ ಓದಿ ಹೇಳಿದೆ. ಕೊನೆತನಕ ಕೇಳಿಸಿಕೊಂಡರು.

"ಭಾಳ ಚೆನ್ನಾಗಿ ಬರ್ದಿದ್ದೀಯ. ಇದನ್ನ ಮೊಣ್ಣಪ್ಪನೋರೂ ಓದ್ತಾರಾ?"

ನಾನು ಪುಟಗಳನ್ನು ಮುಚ್ಚಿಟ್ಟೆ.

ಜನವರಿ 16

ಹೆಸರು ಹಾಕದಿದ್ದರೆ? ಎಸ್ಟೇಟಿನ ಹೆಸರೂ ಹಾಕದಿದ್ದರೆ? ಆದರೆ ಜಾಗ ಕೊಟ್ಟವರು ಮೊಣ್ಣಪ್ಪನವರೇ. ಸಹಿ ಅವರದೇ. ಅವತ್ತು ಕೋಟು ಹಾಕಿಕೊಂಡು ಕೂರುವವರೂ ಅವರೇ.

ಇವತ್ತು ಕಣದಲ್ಲಿ ಸಿಕ್ಕರು. ತಕ್ಕಡಿ ಕಂಪನಿಯವನು ಬಂದು ತೋರಿಸಿ ಹೋದನಂತೆ. "ನಿನ್ನ ವರದಿ ಒಂದು ಬರ್ಲಿ, ಆಮೇಲೆ ಆರ್ಡರ್ ಕೊಡ್ತೇನೆ. ಕೆಲಸ ಮಾಡುವವಳಿಗೆ ಹೆಚ್ಚು ಸಿಗ್ಬೇಕು, ಅಲ್ವಾ? ಅದೇ ನ್ಯಾಯ." ಅವರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು. ಸಾಲಿನಲ್ಲೇ ಗಂಟೆಗೊಮ್ಮೆ ತೂಗಿದರೆ ಸಿದ್ದಿಗೆ ದಿನಾ ಅರ್ಧ ಕೂಲಿ. ಕೂಸಿಗೆ ಹಾಲು ಕುಡಿಸಲು ಓಡಿದ್ದಕ್ಕೆ.

ಆದರೆ ನನ್ನ ನಾಲ್ಕು ವರ್ಷ? ಬಿಸ್ಕತ್ತಿನ ಡಬ್ಬಿಗೆ ವಾಪಸು ಹೋಗಲಾ? ಒಂದು ಬಾಣಂತನ ಇನ್ನೆಷ್ಟು ತಿಂಗಳು, ನನ್ನ ಬದುಕು ಎಷ್ಟು ವರ್ಷ ಎಂದು ಕೂಡ ಲೆಕ್ಕ ಹಾಕಿದೆ. ಬರೆದುಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹಾಕಿದ್ದು ನಿಜ.

ಜನವರಿ 18

ಪೂರ್ತಿ ಪಟ್ಟಿ ಕಳಿಸಿದೆ. ನಾಲ್ಕು ಪುಟ ಕಳಿಸಿಲ್ಲ. ನಾಳೆ ಬಾಯಲ್ಲಿ ಹೇಳಬಹುದು. ಹೇಳದೆಯೂ ಇರಬಹುದು. ಅನ್ನ ಸೇರಲಿಲ್ಲ. ಅಂಗಳದಲ್ಲಿ ಎಷ್ಟು ಸುತ್ತು ಹಾಕಿದೆನೆಂದರೆ ನಾಯಿಯೂ ಬೇಸತ್ತು ಹೋಗಿ ಮಲಗಿತು.

ಜನವರಿ 19

ಮುಗಿಯಿತು.

ಪರದೆಯ ಮೇಲೆ ನಾಲ್ಕು ಚೌಕ. ಪ್ರೊಫೆಸರ್ ಮೇಡಂ, ಅವರ ಸಹೋದ್ಯೋಗಿ, ಕೋಟಿನ ಮೊಣ್ಣಪ್ಪನವರು, ನಾನು. ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಹೋಯಿತು. ಆಮೇಲೆ ಮೇಡಂ ಪಟ್ಟಿ ತೆರೆದರು.

"ಒಟ್ಟು ತೂಕ ಬದಲಾಗಿಯೇ ಇಲ್ಲ. ಒಂದು ಗುಂಪು ಏರಿದಷ್ಟೇ ಇನ್ನೊಂದು ಇಳಿದಿದೆ. ಇದು ಬಹಳ ಕುತೂಹಲದ್ದು, ರಂಜಿತಾ. ಕಾರಣ ಏನಿರಬಹುದು?"

ನಾಲ್ಕು ಪುಟ ಪಕ್ಕದಲ್ಲೇ ತೆರೆದಿಟ್ಟಿದ್ದೆ. ಮೊದಲ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ತಮ್ಮ ಚೌಕದಲ್ಲಿ ಮೊಣ್ಣಪ್ಪನವರು ಕಿವಿ ಮುಂದೆ ಮಾಡಿ ಬಾಗಿದರು.

"ಈ ಅಂಕಿಗಳ ಪರವಾಗಿ ನಾನು ನಿಲ್ಲಲಾರೆ ಮೇಡಂ. ವಾಪಸು ತೆಗೆದುಕೊಳ್ಳುತ್ತೇನೆ. ತಪ್ಪು ನನ್ನದು."

"ಯಾವ ರೀತಿಯ ತಪ್ಪು?"

"ಕಣದಲ್ಲಿ ಕೂತು ಅಳೆದೆ. ನೋಡಬೇಕಾದ್ದನ್ನು ನೋಡಲಿಲ್ಲ."

"ಅಂದರೆ? ಏನನ್ನು ನೋಡಲಿಲ್ಲ?"

ಪಕ್ಕದ ಮನೆಯ ಕೋಳಿ ಕೂಗಿದ್ದು ಪುಣೆಗೂ ಕೇಳಿಸಿರಬೇಕು. "ಅಷ್ಟೇ ಮೇಡಂ" ಅಂದೆ.

ಸಹೋದ್ಯೋಗಿ ಪೆನ್ನು ಕೆಳಗಿಟ್ಟರು. ಇಷ್ಟು ದೊಡ್ಡ ದೋಷ ಅರ್ಜಿ ಹಾಕುವ ಮೊದಲೇ ಕಾಣದವರು ಸಂಶೋಧನೆ ಹೇಗೆ ಮಾಡುತ್ತೀರಿ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಗೊತ್ತಿಲ್ಲ ಸರ್ ಅಂದೆ.

ಲ್ಯಾಪ್‌ಟಾಪ್ ಮುಚ್ಚಿ ಮುಖ ತೊಳೆದುಕೊಂಡೆ. ಅಮ್ಮ ಅಕ್ಕಿರೊಟ್ಟಿ ತಟ್ಟಿಕೊಟ್ಟಳು. ನಾಲ್ಕು ತಿಂದೆ.

ಜನವರಿ 20

ಬೆಳಿಗ್ಗೆಯೇ ಮೊಣ್ಣಪ್ಪನವರ ಫೋನ್.

"ಏನಮ್ಮ ಹೀಗೆ ಮಾಡ್ಕೊಂಡೆ? ಇನ್ನೂ ಸ್ವಲ್ಪ ಜಾಗ್ರತೆ ಮಾಡ್ಬಾರ್ದಿತ್ತಾ? ನನಗೆ ಬೇಜಾರಾಯ್ತು." ಅವರಿಗೆ ನಿಜಕ್ಕೂ ಬೇಜಾರಾಗಿತ್ತು. ಆಮೇಲೆ, ನಿನ್ನ ವರದಿ ನಂಬಿ ತಕ್ಕಡಿ ತರಿಸುವ ಹಾಗಿಲ್ಲವಲ್ಲ, ಈ ಸೀಸನ್ನು ಹಳೆಯ ಹಾಗೇ ನಡೆಯಲಿ ಅಂದರು. ಮುಂದಿನ ವರ್ಷ ಏನು ಮಾಡುತ್ತಾರೋ ಗೊತ್ತಿಲ್ಲ.

ಅಪ್ಪ ಊಟಕ್ಕೆ ಬಂದಿದ್ದರು. ಹೊರಡುವಾಗ ನನ್ನ ತಲೆಯ ಮೇಲೆ ಒಂದು ಸಲ ಕೈ ಇಟ್ಟು ಹೋದರು.

ಜನವರಿ 27

ಚೀಲದ ಒಳಕ್ಕೆ ಹಳೆಯ ಕೊಡೆಬಟ್ಟೆ ಕೊಟ್ಟು ಹೊಲಿದರೆ ಮಂಜು ಇಳಿಯುವುದಿಲ್ಲ ಎಂದು ಸಿದ್ದಿ ಹೇಳಿದಳು. ಎರಡು ಮಾಡಿದೆವು, ಅವಳೊಂದು, ನಾನೊಂದು. ಅವಳ ಹೊಲಿಗೆ ನನ್ನದಕ್ಕಿಂತ ನೇರ. ಕೂಸಿಗೆ ಎರಡು ಹಲ್ಲು ಬರುತ್ತಿವೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾನೆ, ನನ್ನ ಬೆರಳೂ ಸೇರಿ.

ಫೆಬ್ರವರಿ 3

ಮೇಲ್ ಮೊನ್ನೆಯೇ ಬಂದಿತ್ತಂತೆ, ಇವತ್ತು ನೋಡಿದೆ. ಆಯ್ಕೆಯಾಗಿಲ್ಲ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು ಎಂದು ಎಲ್ಲರಿಗೂ ಬರೆಯುವ ಸಾಲು ನನಗೂ ಬರೆದಿದ್ದಾರೆ. ಗೊತ್ತಿದ್ದದ್ದೇ. ಆದರೂ ಸ್ವಲ್ಪ ಹೊತ್ತು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮೂರೂವರೆಗೆ ಹಲಸಿನ ಮರದ ಹತ್ತಿರ ಹೋದೆ. ಕೊಯ್ಲಿನ ಕೊನೆಯ ಸುತ್ತು, ಚೀಲಗಳು ಅರ್ಧರ್ಧ. ಅವರಿಗೆ ಹೇಳದಿರುವುದು ಸರಿಯಲ್ಲ ಅನ್ನಿಸಿತು. ಪರೀಕ್ಷೆ ಫೇಲಾಯಿತು ಅಂದೆ. ಹೆಕ್ಕುತ್ತಿದ್ದ ಕೈಗಳೆಲ್ಲ ನಿಂತವು. ಸಿದ್ದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಲಿಂಗಮ್ಮ ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಆಮೇಲೆ ತಪ್ಪು ಮಾಡಿ ಸಿಕ್ಕಿಬಿದ್ದವಳ ದನಿಯಲ್ಲಿ ಕೇಳಿದಳು:

"ನಾವ್ ಹಾಕಿದ್ದು ಸಾಕಾಗ್ಲಿಲ್ವೇನವ್ವ?"